ಎಡಗಿವಿಯ ಸೀಳು

ಸೊಲ್ಲಾಪುರದ ನವಿ ಪೇಠೆಯಲ್ಲಿ ಶಾಂತಲಿಂಗಪ್ಪನವರ ಜವಳಿ ಅಂಗಡಿ. ಅದರ ಮೇಲಿನ ಮಾಳಿಗೆಯಲ್ಲಿ ಮಧ್ಯಾಹ್ನ ಎರಡರಿಂದ ಮೂರೂವರೆಯ ತನಕ ಒಂಬತ್ತು ಹೆಂಗಸರು ಇಂಗ್ಲಿಷ್ ಕಲಿಯುತ್ತಿದ್ದರು. ಕೆಳಗೆ ಅರಿವೆ ಹರಿಯುವ ಸದ್ದು, ಮೇಲೆ ಇವರ ದಿಸ್ ಈಸ್, ದ್ಯಾಟ್ ಈಸ್. ಕಲಿಸುವವರು ಶಾಂತಲಿಂಗಪ್ಪನವರ ತಂಗಿ ಪಾರ್ವತಿಬಾಯಿ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿ, ಅಣ್ಣನ ಜೊತೆ ಹಟ ಹಿಡಿದು ಮ್ಯಾಟ್ರಿಕ್ ಮುಗಿಸಿದವರು. ಈಗ ನಲವತ್ತಕ್ಕೆ ಬಂದಿದ್ದರು. ಎಲ್ಲರೂ ಅವರನ್ನು ಬಾಯೇರು ಎನ್ನುತ್ತಿದ್ದರು.

ಚಂದ್ರಭಾಗಾ ಕೂರುತ್ತಿದ್ದುದು ಎಲ್ಲರಿಗಿಂತ ಹಿಂದೆ, ಮೆಟ್ಟಿಲ ಬಾಯಿಯ ಹತ್ತಿರ. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಮುಗಿಸಿ ನೇರ ಬರುತ್ತಿದ್ದಳು. ಸೀರೆಗೆ ಹತ್ತಿದ ಫಿನಾಯಿಲ್ ವಾಸನೆ ಸಾಹುಕಾರರ ಮನೆಯ ಸೊಸೆಯಂದಿರಿಗೆ ತಾಕದಿರಲಿ ಎಂದು ತಾನೇ ಆರಿಸಿಕೊಂಡ ಜಾಗ ಅದು. ಬಾಟಲಿಯ ಚೀಟಿ ಓದಲು ಬಂದರೆ, ಹುಟ್ಟಿದ ಹೊತ್ತು ಬರೆಯಲು ಬಂದರೆ ಹೆರಿಗೆ ಕೋಣೆಯೊಳಗೆ ತೆಗೆದುಕೊಳ್ಳುತ್ತೇನೆ ಎಂದು ಡಾಕ್ಟರಬಾಯಿ ಹೇಳಿದ್ದರು. ಹನ್ನೂರಿನ ಕುರುಬರ ಮನೆಯಲ್ಲಿ ಹುಟ್ಟಿ, ಶಾಲೆಯ ಜಗಲಿಯನ್ನು ಮಳೆಗೆ ನಿಲ್ಲಲು ಮಾತ್ರ ಹತ್ತಿದವಳು. ಮೂವತ್ತೊಂದನೆಯ ವಯಸ್ಸಿಗೆ ಪಾಟಿ ಹಿಡಿದು, ಎಂಟು ತಿಂಗಳಲ್ಲಿ ಒಂದೊಂದೇ ಅಕ್ಷರ ಕೂಡಿಸಿ ವಾಕ್ಯ ಬರೆಯುವ ತನಕ ಬಂದಿದ್ದಳು.

ಐವತ್ತನಾಲ್ಕನೆಯ ಇಸವಿಯ ದೀಪಾವಳಿ ಆಗ ತಾನೇ ಮುಗಿದಿತ್ತು. ಅಂದು ಬಾಯೇರು ಕರಿಹಲಗೆಯ ಮೇಲೆ ನಾಲ್ಕು ಶಬ್ದ ಬರೆದರು.

"ನಮ್ಮಲ್ಲಿ ಹಾದಿ ನೋಡೂದು ಅಂದ್ರ ಮುಗೀತು, ಎಲ್ಲಾ ಅದರಾಗ ಬಂತು. ಇಂಗ್ಲಿಷಿನವರು ಹಂಗಲ್ಲ, ಒಂದೊಂದಕ್ಕ ಒಂದೊಂದು ಗಡಿಗಿ ಇಟ್ಟಾರ. ವೇಟ್ ಅಂದ್ರ ಮೈಯಿಂದ ಕಾಯೂದು. ಎಸ್ಟಿ ಸ್ಟ್ಯಾಂಡಿನ್ಯಾಗ ಗಂಟು ಹಿಡಕೊಂಡು ನಿಂತಿರ್ತೀರಲ್ಲ, ಅದು. ಅದರ ಹಿಂದ ಫಾರ್ ಬರಬೇಕು, ಮರೀಬ್ಯಾಡ್ರಿ. ಹೋಪ್ ಅಂದ್ರ ಮನಸಿನ ಆಶಾ. ಆದೀತು, ಆಗಲಿಕ್ಕೂ ಇಲ್ಲ. ಎಕ್ಸ್‌ಪೆಕ್ಟ್ ಅಂದ್ರ ಆಗೇ ಆಗ್ತದ ಅಂತ ನಮಗ ಅನಸ್ತದ, ಅದಕ್ಕೊಂದು ಆಧಾರ ಇರ್ತದ. ತಾರ ಬಂದದ, ಕಾಗದ ಬಂದದ, ಹಿಂಗ. ಲುಕ್ ಫಾರ್ವರ್ಡ್ ಟು ಅಂದ್ರ, ದಿನಾನೂ ಗೊತ್ತದ, ಬರೂದೂ ಗೊತ್ತದ, ಆ ದಿನ ಯಾವಾಗ ಹರದೀತು ಅಂತ ಜೀವ ಕುಣೀತಿರ್ತದ."

ಮುಂದಿನ ಚಾಪೆಯ ಕಸ್ತೂರಬಾಯಿ ಕೈ ಎತ್ತಿದಳು. ಗಂಡ ಸಿದ್ದಣ್ಣ ಮುಂಬಯಿಯ ಅಂಗಡಿಯಲ್ಲಿ, ಇವಳು ಇಲ್ಲಿ ಅತ್ತೆಯ ಕೈಯಲ್ಲಿ. "ಹಂಗಾದ್ರ ಬಾಯೇರ, ಐ ಲುಕ್ ಫಾರ್ವರ್ಡ್ ಟು, ನಮ್ಮತ್ತಿ ಗೋ ಕಾಶಿ."

ಮಾಳಿಗೆಯೆಲ್ಲ ನಕ್ಕಿತು.

"ಗೋ ಅಲ್ಲ, ಗೋಯಿಂಗ್," ಎಂದರು ಬಾಯೇರು, ತುಟಿ ಬಿಗಿಹಿಡಿದು. "ತಪ್ಪು ಹೇಳಿದ್ರ ಅರ್ಧಾ ಹಾದಿಯಿಂದ ತಿರುಗಿ ಬಂದಾಳು ನೋಡು."

ಚಂದ್ರಭಾಗಾ ನಗಲಿಲ್ಲ. ಅವಳ ಕಣ್ಣು ಮೂರನೆಯ ಶಬ್ದದ ಮೇಲಿತ್ತು. ಅದು ಅವಳಿಗೆ ಪರಿಚಯದ ಶಬ್ದ. ಬಸುರಿಯರ ಕಾರ್ಡಿನ ಮೇಲೆ, ಹೆಸರಿನ ಕೆಳಗೆ, ಡಾಕ್ಟರಬಾಯಿ ಬೆರಳು ಮಡಚಿ ಎಣಿಸಿ ಒಂದು ತಾರೀಖು ಹಾಕುತ್ತಿದ್ದರು. ಅದರ ಎಡಕ್ಕೆ ಅಚ್ಚಾಗಿರುತ್ತಿತ್ತು: ಎಕ್ಸ್‌ಪೆಕ್ಟೆಡ್ ಡೇಟ್. ಕೂಸು ನಾಲ್ಕು ದಿನ ಮುಂಚೆ ಬರುತ್ತಿತ್ತು, ಎಂಟು ದಿನ ತಡೆದೂ ಬರುತ್ತಿತ್ತು. ಆದರೆ ಬರುತ್ತಿತ್ತು. ಆ ಶಬ್ದದ ಮೇಲೆ ಅವಳಿಗೆ ಮೊದಲಿನಿಂದಲೇ ಒಂದು ಭರವಸೆ.

ಮರುದಿನ ಎಲ್ಲರೂ ಆ ಶಬ್ದ ಹಾಕಿ ಐದೈದು ವಾಕ್ಯ ಬರೆದ ವಹಿ ತಂದರು. ಬಾಯೇರು ಕೆಂಪು ಮಸಿಯ ಲೇಖಣಿ ಹಿಡಿದು ಒಂದೊಂದೇ ನೋಡುತ್ತ ಚಂದ್ರಭಾಗಾಳ ವಹಿಗೆ ಬಂದರು. ಐದೂ ವಾಕ್ಯದಲ್ಲಿ ಅಣ್ಣನೇ ಇದ್ದ. ಐ ವೇಟ್ ಫಾರ್ ಮೈ ಬ್ರದರ್. ಐ ಎಕ್ಸ್‌ಪೆಕ್ಟ್ ಮೈ ಬ್ರದರ್ ದಿಸ್ ಮಂಥ್. ಐ ಎಕ್ಸ್‌ಪೆಕ್ಟ್ ಮೈ ಬ್ರದರ್ ವಿಥ್ ವೂಲ್.

"ಉಣ್ಣಿ ಯಾಕ?" ಎಂದರು ಬಾಯೇರು.

"ತರ್ತಾನ್ರಿ ಅಂವ."

"ಈ ತಿಂಗಳ ಬರ್ತಾನ ಅಂತ ಕಾಗದ ಬಂದದೇನು?"

"ಅಂವಗ ಬರಿಯಾಕ ಬರೂದಿಲ್ರಿ."

"ಯಾರ ಕೂಡರ ಹೇಳಿ ಕಳಿಸ್ಯಾನೇನು?"

"ಇಲ್ರಿ."

"ಕಡೀಕ ಬಂದಿದ್ದು ಯಾವಾಗ?"

ಚಂದ್ರಭಾಗಾ ಕಾಲಬೆರಳಿನಿಂದ ಚಾಪೆಯ ಅಂಚು ಎತ್ತಿದಳು. "ಮೂರು ವರ್ಷ ಆತ್ರಿ."

"ಹಂಗಾದ್ರ ಯಾವ ಆಧಾರದ ಮ್ಯಾಲೆ ಎಕ್ಸ್‌ಪೆಕ್ಟ್ ಹಾಕಿದಿವಾ? ಇಲ್ಲಿ ಹೋಪ್ ಹಾಕಬೇಕು."

"ಅಂವ ನಮ್ಮ ಅಣ್ಣ ಅದಾನ್ರಿ."

"ಅಣ್ಣ ಇರೂದು ಆಧಾರ ಅಲ್ಲ. ಹೋಪ್ ಹಾಕು."

"ಹೋಪ್ ಹಾಕೂದಿಲ್ರಿ," ಎಂದಳು ಚಂದ್ರಭಾಗಾ. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. "ಬರಲಿಕ್ಕೂ ಇಲ್ಲ ಅಂದಂಗ ಆಗ್ತೈತ್ರಿ ಅದು."

ಬಾಯೇರು ಕೆಂಪು ಲೇಖಣಿಯನ್ನು ವಹಿಯ ಮೇಲೆ ಒಂದು ಗಳಿಗೆ ಹಿಡಿದು, ಏನೂ ಬರೆಯದೆ ಮಡಚಿ ಕೊಟ್ಟರು.

ತರಗತಿ ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ ಅವಳನ್ನು ತಡೆದರು. "ನೋಡು ಚಂದ್ರಭಾಗಾ, ನಮ್ಮವರು ಹೋಗಿ ಹದಿನೆಂಟು ವರ್ಷ ಆತು, ಎಕ್ಸ್‌ಪೆಕ್ಟ್ ಅನ್ನೂ ಶಬ್ದ ನಾ ನನ್ನ ಸಲುವಾಗಿ ಒಮ್ಮೆನೂ ಬರದಿಲ್ಲ. ನನಗ ಯಾರನ್ನ ಕೇಳಿದ್ರೂ ಆಧಾರ ಸಿಗೂದಿಲ್ಲ. ನಿನ್ನ ಅಣ್ಣ ಜೀವಂತ ಅದಾನ, ಹದಿನೈದು ಹರದಾರಿ ಆಚೆ ಸೈತ ಇಲ್ಲ. ಕೇಳಿದ್ರ ಸಿಗ್ತದ. ಕೇಳು."

ಕೇಳು ಎಂದರು. ಕೇಳಬಾರದ ಮಾತನ್ನು ಕೇಳುವುದು ಹೇಗೆ?

ಹದಿಮೂರನೆಯ ವಯಸ್ಸಿಗೆ ಅವಳ ಮದುವೆಯಾದಾಗ ಅಪ್ಪ ಧೂಳಪ್ಪ ಒಂದು ಹೆಣ್ಣುಮರಿಯ ಎಡಗಿವಿ ಸೀಳಿ, ರಕ್ತಕ್ಕೆ ಅರಿಸಿನ ಒತ್ತಿ, ಅದನ್ನು ಅವಳ ಉಡಿಯಲ್ಲಿ ಇಟ್ಟಿದ್ದ. ಅವರ ಮನೆಯ ಪದ್ಧತಿ ಅದು. ಕುರಿ ತವರಿನ ಹಿಂಡಿನಲ್ಲೇ ಇರುತ್ತದೆ, ಅದರ ಹೆಣ್ಣುಮರಿಗಳ ಎಡಗಿವಿಯನ್ನೂ ಸೀಳುತ್ತಾರೆ, ಅವೆಲ್ಲ ಮಗಳವು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಿದಾಗ ಮಗಳ ಕುರಿಯ ಉಣ್ಣೆ ಬೇರೆ ತೆಗೆದು, ಅಣ್ಣನೋ ತಮ್ಮನೋ ತನ್ನ ಹೆಗಲ ಮೇಲೆ ಹೊತ್ತು ಅವಳ ಗಂಡನ ಮನೆಗೆ ಮುಟ್ಟಿಸಬೇಕು. ಬಂದವನು ಬರಿಗೈಯಲ್ಲಿ ಮರಳುವುದಿಲ್ಲ, ತಂಗಿಯನ್ನು ಕರೆದುಕೊಂಡು ಹೋಗುತ್ತಾನೆ.

ಹದಿನೈದು ವರ್ಷ ಅಣ್ಣ ಭೀಮಣ್ಣ ತಪ್ಪದೆ ಬಂದ. ಗಂಟನ್ನು ಹೊಸ್ತಿಲೊಳಗೆ ಇಳಿಸಿ, ಬಶಿಯಲ್ಲಿ ಚಹಾ ಸುರುವಿಕೊಂಡು, "ಏನ ನೀರೋ ನಿಮ್ಮ ಸೊಲ್ಲಾಪುರದ್ದು, ಕುರಿ ಸೈತ ಮೂಸೂದಿಲ್ಲ" ಎನ್ನುವನು. ಮರುದಿನ ಅವನ ಬೆನ್ನ ಹಿಂದೆ ಅವಳು ಎಂಟು ದಿನಕ್ಕೆ ಹನ್ನೂರು. ಆ ಎಂಟು ದಿನದ ಮೇಲೆ ಅವಳ ಉಳಿದ ದಿನಗಳು ನಿಂತಿದ್ದವು. ಉಣ್ಣೆ ಬರುವ ತನಕ ತವರಿನ ಹಾದಿ ತೆರೆದಿರುತ್ತದೆ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಹೆಣ್ಣುಮಗಳು ಕೇಳುವಂತಿಲ್ಲ. ಕೇಳಿದರೆ ಹಿಂಡು ಪಾಲು ಮಾಡು ಎಂದಂತೆ. ಕರೆಯಲು ಬಾರದೆ ತಾನಾಗಿ ಹೋಗುವಂತೆಯೂ ಇಲ್ಲ.

ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡ. ಗಂಡ ಪೀರಪ್ಪನ ಜೊತೆ ಹೋದಳು. ಮೂರನೆಯ ದಿನ ಅವನ ಗಿರಣಿಯ ರಜೆ ಮುಗಿಯಿತೆಂದು ಇಬ್ಬರೂ ಹೊರಟರು. ಹಾದಿಯಲ್ಲೇ ಕುರಿಯ ಹಟ್ಟಿ. ಅವಳ ಕಾಲು ನಿಧಾನವಾಯಿತು. ಆದರೆ ಅಪ್ಪನ ಮಣ್ಣು ಆರುವ ಮುಂಚೆ ತನ್ನ ಕುರಿ ಎಣಿಸಿಕೊಂಡು ಹೋದಳು ಎಂದು ಯಾರೂ ಅನ್ನಬಾರದು. ಸೆರಗು ಮುಖಕ್ಕೆ ಎಳೆದುಕೊಂಡು, ಹಟ್ಟಿಯೊಳಗೆ ಕಣ್ಣು ಹಾಯಿಸದೆ ದಾಟಿದಳು. ಹಟ್ಟಿಯ ಬಾಯಲ್ಲಿ ಅಣ್ಣ ನಿಂತಿದ್ದ, ಬಲಗೈ ಮುಷ್ಟಿ ಬಿಗಿದು. "ಬರ್ತೀನಣ್ಣಾ" ಎಂದಳು. "ಹ್ಞೂಂ" ಎಂದ. ಅಷ್ಟೇ. ಅದಾದ ಮೇಲೆ ಆರು ಸಲ ಉಣ್ಣೆ ಕತ್ತರಿಸುವ ಕಾಲ ಬಂದು ಹೋಯಿತು. ಆ ಬಿಗಿದ ಮುಷ್ಟಿಯನ್ನು ನೆನೆನೆನೆದು, ಯಾವ ಸಿಟ್ಟಿಗೆ, ಯಾವ ತಪ್ಪಿಗೆ ಎಂದು ಅವಳು ಮೂರು ವರ್ಷ ಹುಡುಕಿದ್ದಳು.

"ಎಸ್ಟಿ ಬಸ್ಸ ಐತಿ, ಹೋಗಿ ಬಾ," ಎನ್ನುತ್ತಿದ್ದ ಪೀರಪ್ಪ.

"ಕರಿಯಾಕ ಬರಲಾರದ ಹೆಂಗ ಹೋಗ್ಲಿ?"

"ಪಾಳಿಗಿ ಗಿರಣಿ ಭೋಂಗಾ ಊದಿದ್ರ ನನ್ನ ಯಾರು ಕರಿಯಾಕ ಬರ್ತಾರ? ಹೋಗೂದಿಲ್ಲೇನ ನಾ?"

ಅವನಿಗೆ ತಿಳಿಯುವುದಿಲ್ಲ. ತಿಳಿಯದೆಯೂ ಕೇಳುತ್ತಾನಲ್ಲ, ಅದೇ ದೊಡ್ಡದು.

ಮುಂದಿನ ವಾರ ಆಸ್ಪತ್ರೆಗೆ ಹನ್ನೂರಿನ ಸುಗಲಾಬಾಯಿ ಬಂದಳು. ಭೀಮಣ್ಣನ ಮನೆಯಿಂದ ನಾಲ್ಕು ಮನೆ ಆಚೆಯವಳು, ತಾನೂ ಕುರಿಯ ಮನೆಯವಳೇ. ಮಗಳು ಕಲ್ಯಾಣಮ್ಮನಿಗೆ ದಿನ ತುಂಬಿತ್ತು. ಕಾರ್ಡಿನ ತಾರೀಖು ದಾಟಿ ನಾಲ್ಕು ದಿನವಾದರೂ ನೋವಿಲ್ಲ.

"ಡಾಕ್ಟರಬಾಯಿ ತಾರೀಖ ಬರದಾಳಂತ, ಬರದಾಳಂತ," ಎಂದು ಸುಗಲಾಬಾಯಿ ಮಂಚದ ಪಕ್ಕ ಕೂತು ಎಲೆ ಅಡಿಕೆ ಅಗಿಯುತ್ತಿದ್ದಳು. "ಕೂಸಿಗಿ ಓದಾಕ ಬರಬೇಕಲ್ಲ ಅದನ್ನ!"

"ಬರ್ತೈತಿ ಅತ್ತಿ. ಅವಸರ ಮಾಡಬ್ಯಾಡ," ಎಂದಳು ಚಂದ್ರಭಾಗಾ, ಹಾಸಿಗೆ ಬದಲಿಸುತ್ತ.

ಎರಡು ದಿನ ಅವಳು ಸುತ್ತ ಸುತ್ತ ಮಾತಾಡಿದಳು. ಜೋಳ ಹೆಂಗೈತಿ, ಹಳ್ಳಕ್ಕ ನೀರು ಐತೇನು, ನಮ್ಮವ್ವನ ಕಣ್ಣಿನ ಪರಿ ಹೆಂಗ. ಮೂರನೆಯ ದಿನ ಬಟ್ಟೆ ಹಿಂಡುವ ಕಟ್ಟೆಯ ಹತ್ತಿರ ಇಬ್ಬರೇ ಇದ್ದಾಗ, ಬಾಯೇರ ಕೆಂಪು ಲೇಖಣಿ ನೆನಪಾಯಿತು. ಯಾವ ಆಧಾರದ ಮ್ಯಾಲೆ? ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ನಮ್ಮಣ್ಣ ಈ ಸಲ ಉಣ್ಣಿ ಕತ್ತರಿಸ್ಯಾನೇನ ಅತ್ತಿ?"

ಸುಗಲಾಬಾಯಿಯ ದವಡೆ ನಿಂತಿತು. "ನೀ ಕೇಳತೀಯೇನ ಅದನ್ನ? ಕೈ ಬಿಟ್ಟಾಕಿ ನೀನ ಅಲ್ಲೇನ?"

"ನಾ ಏನ ಬಿಟ್ಟೆ?"

"ಅಪ್ಪನ ಮೂರನೇ ದಿನಾ ಹಟ್ಟಿ ಮುಂದ ಹಾದು ಹೋದಿ. ಹಿಂದ ಹೊಳ್ಳಿ ನೋಡಲಿಲ್ಲ."

"ನೋಡಿದ್ರ ಜನ ಏನಂದಾರು ಅಂತ ಅತ್ತಿ. ಕುರಿ ಆಶಾ ಅಂತ ಅಂದಾರು ಅಂತ."

ಸುಗಲಾಬಾಯಿ ಅವಳನ್ನು ಹಿಡಿದು ತನ್ನ ಕಡೆ ತಿರುಗಿಸಿದಳು. "ಯವ್ವಾ, ನಿನಗ ಗೊತ್ತ ಇಲ್ಲೇನ? ಹಿಂಡಿನ ಯಜಮಾನ ಹೋದ ಮ್ಯಾಲೆ ಹೆಣ್ಣಮಕ್ಕಳ ಕುರಿ ಯಾರ ಕೈಯಾಗೂ ಇರೂದಿಲ್ಲ. ಮೂರನೇ ದಿನಾ ಮಗಳು ತಾನ ಹಟ್ಟಿಯೊಳಗ ಹೋಗಿ, ಬೀರೋಬಾ ದೇವರ ಭಂಡಾರದ ಅರಿಸಿನ ತನ್ನ ಕುರಿ ಬೆನ್ನಿಗಿ ಹಚ್ಚಿ, ಇದು ನಿನ್ನ ಹಿಂಡಿನ್ಯಾಗ ಇರಲಿ ಅಣ್ಣಾ ಅನ್ನಬೇಕು. ಅಂದ ಮ್ಯಾಲೆ ಅಣ್ಣ ಅದರ ಉಣ್ಣಿ ಹೊತಗೊಂಡ ಬರಬೇಕು. ಅನ್ನಲಿಲ್ಲ ಅಂದ್ರ ಮಗಳು ತವರು ಹರಕೊಂಡ್ಲು ಅಂತ ಅರ್ಥ."

"ನನಗ ಯಾರೂ ಹೇಳಲಿಲ್ಲ."

"ಮನಿಯವರು ಹೇಳಬಾರದು ತಂಗಿ. ಹೇಳಿ ಅನಸಿದ್ರ ಅದು ಅಂದಂಗಲ್ಲ. ನೋಡಿ ಕಲೀಬೇಕು. ನಿಮ್ಮಜ್ಜ ನೀ ಹುಟ್ಟೂಕಿಂತ ಮೊದಲ ಹೋದ, ನೀ ಯಾರನ್ನ ನೋಡ್ತಿ? ನಿಮ್ಮವ್ವ ಮೂಲಿ ಹಿಡದು ಕುಂತಿದ್ಲು." ಸುಗಲಾಬಾಯಿ ಎಲೆಯ ರಸ ಉಗುಳಿ ಬಂದು ದನಿ ತಗ್ಗಿಸಿದಳು. "ಭೀಮಣ್ಣ ಅವತ್ತ ಮುಂಜಾನಿಂದ ಹಟ್ಟಿ ಬಾಯಾಗ ಭಂಡಾರ ಹಿಡಕೊಂಡು ನಿಂತಿದ್ದ, ನಿನ್ನ ಕೈಯಾಗ ಕೊಡಬೇಕಂತ. ನೀ ಹೋದ ಮ್ಯಾಲೆ ಆ ಮುಷ್ಟಿ ಬಿಚ್ಚಲೇ ಇಲ್ಲಂತ ಅಂವ, ಸಂಜೀತನ."

ಚಂದ್ರಭಾಗಾ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. ಸಿಟ್ಟಿನ ಮುಷ್ಟಿ ಎಂದು ಮೂರು ವರ್ಷ ಎದೆಯಲ್ಲಿ ಹೊತ್ತದ್ದು. ಒಳಗೆ ಹಳದಿ ಪುಡಿ ಇತ್ತು.

"ಉಣ್ಣಿ ಕತ್ತರಿಸ್ತಾನೋ ಇಲ್ಲೋ ಅಂತ ಕೇಳಿದಿ," ಎಂದಳು ಸುಗಲಾಬಾಯಿ. "ಬ್ಯಾರೆ ಕತ್ತರಿಸ್ತಾನ, ಬ್ಯಾರೆ ಗಂಟ ಕಟ್ಟತಾನ. ಅಟ್ಟದ ಮ್ಯಾಲೆ ಆರು ಗಂಟ ಅದಾವ. ಹೆಂಡ್ತಿ ಒಂದ ಬಿಚ್ಚತೀನಿ ಅಂದಿದ್ದಕ್ಕ ಹದಿನೈದು ದಿನ ಮಾತಾಡಲಿಲ್ಲ. ಆದ್ರ ಒಂದು ಮಾತು ಹೇಳತೀನಿ ಕೇಳು, ನಿನ್ನ ಕುರಿಯೊಳಗ ಒಂದ ಉಳದೈತಿ. ಮುದಿ ಆಗೈತಿ. ಹಾಕಿದ್ದೆಲ್ಲಾ ಗಂಡಮರಿ. ಅದು ಸತ್ರ ಎಡಗಿವಿ ಮುಗೀತು ಅಲ್ಲಿಗೆ."

ಅಂದು ಸಂಜೆಯೇ ಕಲ್ಯಾಣಮ್ಮ ಹೆತ್ತಳು. ಗದ್ದಲದಲ್ಲಿ ಸುಗಲಾಬಾಯಿ ಎಲ್ಲವನ್ನೂ ಮರೆತಳು. ಚಂದ್ರಭಾಗಾ ಒಂದನ್ನೂ ಮರೆಯಲಿಲ್ಲ.

ಮುಂದಿನ ಶನಿವಾರ ಮಾಳಿಗೆಯಲ್ಲಿ ರಜೆ ಕೇಳಿದಾಗ ಬಾಯೇರು ಕನ್ನಡಕದ ಮೇಲಿಂದ ನೋಡಿದರು. "ಆಧಾರ ಸಿಕ್ತೇನು?"

"ಸಿಕ್ತ್ರಿ. ಅಟ್ಟದ ಮ್ಯಾಲೆ ಐತಂತ." ಸ್ವಲ್ಪ ತಡೆದು ಅಂದಳು, "ನಾ ಅವನ ಹಾದಿ ನೋಡಾಕತ್ತಿದ್ನಿ, ಅಂವ ನನ್ನ ಹಾದಿ ನೋಡಾಕತ್ತಿದ್ದ. ಇದಕ್ಕ ಯಾವ ಗಡಿಗಿರಿ ಬಾಯೇರ?"

ಬಾಯೇರು ಕರಿಹಲಗೆಯ ಕಡೆ ತಿರುಗಿ ನಾಲ್ಕೂ ಶಬ್ದವನ್ನು ನೋಡಿದರು. "ಮೊದಲ ಹೋಗಿ ಬಾ. ಶಬ್ದ ಆಮ್ಯಾಲೆ ಹುಡುಕೂಣು."

ರವಿವಾರ ಬೆಳಿಗ್ಗೆ ಪೀರಪ್ಪ ಬುತ್ತಿಯ ಗಂಟು ಕೈಗಿತ್ತು, "ಯಾರು ಬಂದಾರ ಕರಿಯಾಕ?" ಎಂದು ಹುಬ್ಬು ಹಾರಿಸಿದ.

"ಭೋಂಗಾ ಊದೈತಿ," ಎಂದಳು ಅವಳು.

ಅಕ್ಕಲಕೋಟೆಯ ತನಕ ಎಸ್ಟಿ. ಪೇಟೆಯಲ್ಲಿ ಇಳಿದು ಭಂಡಾರದ ಪೊಟ್ಟಣ ಕಟ್ಟಿಸಿಕೊಂಡಳು. ಅಲ್ಲಿಂದ ಹನ್ನೂರಿನ ಕಡೆ ಹೊರಟ ಚಕ್ಕಡಿ. ಹದಿನೈದು ವರ್ಷ ಈ ಹಾದಿಯಲ್ಲಿ ಅಣ್ಣನ ಕಂಬಳಿಯ ಅಂಚನ್ನೇ ನೋಡುತ್ತ ನಡೆದವಳಿಗೆ, ಎದುರಿಗೆ ಯಾರ ಬೆನ್ನೂ ಇಲ್ಲದ ಹಾದಿ ಇಷ್ಟು ಉದ್ದವಿದೆ ಎಂದು ಗೊತ್ತಿರಲಿಲ್ಲ. ಎರಡೂ ಕಡೆ ಜೋಳ ಮೊಣಕಾಲೆತ್ತರ ಎದ್ದಿತ್ತು. ಅಟ್ಟದ ಮೇಲಿನ ಗಂಟುಗಳನ್ನು ಅವಳು ಒಂದೊಂದಾಗಿ ನೆನೆದಳು. ಪ್ರತಿ ಗಂಟಿಗೆ ಎಂಟು ದಿನ. ಅವ್ವನ ಕಣ್ಣು ಮಂಜಾಗುತ್ತ ಹೋದದ್ದು ಆ ದಿನಗಳಲ್ಲೇ, ತಾನು ನೋಡಬೇಕಾಗಿದ್ದ ದಿನಗಳಲ್ಲಿ.

ಅವ್ವ ತುಳಜಾಬಾಯಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಹೆಜ್ಜೆಯ ಸಪ್ಪಳಕ್ಕೆ ಮುಖ ಎತ್ತಿದಳು.

"ಯಾರು?"

"ನಾ ಯವ್ವಾ. ಚಂದ್ರಿ."

ಮುದುಕಿಯ ಕೈ ಅವಳ ಮುಖ, ಕೊರಳು, ಬಳೆ ಎಲ್ಲ ಮುಟ್ಟಿ ಬಂತು. "ಯಾರು ಕರಕೊಂಡ ಬಂದ್ರು?"

"ಯಾರೂ ಇಲ್ಲ. ನಾನ ಬಂದ್ನಿ." ಪೊಟ್ಟಣವನ್ನು ಅವ್ವನ ಅಂಗೈಗೆ ಒತ್ತಿದಳು.

ತುಳಜಾಬಾಯಿ ಅದನ್ನು ಮೂಗಿನ ಹತ್ತಿರ ಹಿಡಿದಳು. ಅರಿಸಿನದ ವಾಸನೆ ಸಿಕ್ಕ ಮೇಲೆ ಅದನ್ನು ಮಗಳ ಕೈಗೇ ಮರಳಿಸಿದಳು. ಆಮೇಲೆ, "ನೀರು ಕುಡಿ, ಹಟ್ಟಿಗಿ ಹೋಗು," ಎಂದಳು. "ನನ್ನ ಜೋಡಿ ಆಮ್ಯಾಲೆ ಮಾತಾಡಂತಿ. ಹಿಂಡು ಬರೂ ಹೊತ್ತಾತು."

ಹಟ್ಟಿಯ ಬಾಯಲ್ಲಿ ಅಣ್ಣ ನಿಂತಿದ್ದ ಜಾಗದಲ್ಲೇ ಅವಳು ನಿಂತಳು. ಹೊತ್ತು ಇಳಿದು, ದೂರದಲ್ಲಿ ಧೂಳು ಕಂಡಿತು, ಆಮೇಲೆ ಕೂಗು, ಆಮೇಲೆ ಹಿಂಡು. ಕುರಿಗಳು ಅವಳ ಕಾಲು ಸವರಿಕೊಂಡು ಒಳಗೆ ನುಗ್ಗಿದವು. ಅವಳು ಎಡಗಿವಿಗಳನ್ನೇ ನೋಡಿದಳು. ಒಂದು, ಹತ್ತು, ಮೂವತ್ತು. ಎಲ್ಲ ಕಿವಿಯೂ ಇಡಿಯಾಗಿದ್ದವು. ಸುಗಲಾಬಾಯಿ ಊರು ಬಿಟ್ಟು ಆಸ್ಪತ್ರೆಗೆ ಬಂದು ಹತ್ತು ದಿನವಾಗಿತ್ತು. ಹತ್ತು ದಿನದಲ್ಲಿ ಮುದಿ ಕುರಿಗೆ ಏನಾದರೂ ಆಗಬಹುದು. ಹಿಂಡು ತೆಳ್ಳಗಾಯಿತು. ಕೊನೆಯ ನಾಲ್ಕು ದಾಟಿದವು. ಅವಳ ಕೈಯಲ್ಲಿ ಭಂಡಾರ ಬೆವರಿಗೆ ಮುದ್ದೆಯಾಗಿತ್ತು.

ಎಲ್ಲಕ್ಕಿಂತ ಹಿಂದೆ, ಭೀಮಣ್ಣನ ಕೋಲಿನ ಪಕ್ಕ, ಒಂದು ಕುರಿ ಎಳೆದೆಳೆದು ನಡೆಯುತ್ತಿತ್ತು. ಹೊಟ್ಟೆ ಎರಡೂ ಕಡೆ ಜೋತಿತ್ತು. ಎಡಗಿವಿ ಎರಡು ಎಲೆಯಾಗಿ ಅಲ್ಲಾಡುತ್ತಿತ್ತು.

ಭೀಮಣ್ಣ ಅವಳನ್ನು ನೋಡಿ ನಿಂತ. ಮೀಸೆ ಅರ್ಧ ನೆರೆತಿತ್ತು. ಬಾ ಎನ್ನಲಿಲ್ಲ, ಯಾವಾಗ ಬಂದಿ ಎನ್ನಲಿಲ್ಲ. ಅವಳು ಮಂಡಿಯೂರಿ, ಕುರಿಯ ಬೆನ್ನಿನ ಮೇಲೆ ಕೈ ಇಟ್ಟು, ಭಂಡಾರವನ್ನು ಉಣ್ಣೆಯ ಬುಡದ ತನಕ ಒರೆಸಿದಳು.

"ಇದು ನಿನ್ನ ಹಿಂಡಿನ್ಯಾಗ ಇರಲಿ ಅಣ್ಣಾ."

ಭೀಮಣ್ಣ ಕೋಲನ್ನು ಎಡಗೈಯಿಂದ ಬಲಗೈಗೆ ಬದಲಿಸಿದ. ಮತ್ತೆ ಎಡಗೈಗೆ ತಂದ. "ಇಷ್ಟು ಮಾತಿಗಿ ಮೂರು ವರ್ಷ ಬೇಕಾತೇನ ಚಂದ್ರಿ?"

"ನನಗ ಗೊತ್ತಿರಲಿಲ್ಲ."

"ಗೊತ್ತಿಲ್ಲ ಅಂದ್ರ ಕೇಳಬೇಕು."

"ನೀ ಹೇಳಬೇಕಿತ್ತು."

"ಹೇಳಬಾರದದು."

"ಕೇಳಬಾರದಿದು."

ಅವಳ ಕೈ, ಆಸ್ಪತ್ರೆಯ ಅಭ್ಯಾಸ, ತಾನಾಗಿ ಕುರಿಯ ಹೊಟ್ಟೆಯ ಕೆಳಗೆ ಹೋಯಿತು. ಒತ್ತಿ, ಸರಿಸಿ, ತಡೆದು ನೋಡಿದಳು. ಒಳಗೊಂದು ಗೊರಸು ಅವಳ ಅಂಗೈಯನ್ನು ತಳ್ಳಿತು.

"ಇನ್ನ ಹದಿನೈದು ದಿನಾ ಐತಿ," ಎಂದಳು.

"ಎಂಟು ದಿನಾ," ಎಂದ ಭೀಮಣ್ಣ.

"ಹದಿನೈದು. ದಿನಾ ಇದ ನೋಡ್ತೀನಿ ನಾ."

"ಸೊಲ್ಲಾಪುರದಾಗ ಈಗ ಕುರಿಗೂ ದವಾಖಾನಿ ಆಗ್ಯಾವೇನ? ಬಂದಾಳ ನನಗ ಕಲಸಾಕ!" ಅವನ ದನಿಯಲ್ಲಿ ಬಶಿಯಲ್ಲಿ ಚಹಾ ಸುರುವುವಾಗಿನ ಹಳೆಯ ಕುಚೋದ್ಯ ಇಣುಕಿತು. ಕೋಲನ್ನು ಬೇಲಿಗೆ ಒರಗಿಸಿ, ಅವನೂ ಮಂಡಿಯೂರಿ ಕುರಿಯ ಇನ್ನೊಂದು ಪಕ್ಕಕ್ಕೆ ಬಂದ.

"ಹೆಣ್ಣಮರಿ ಆದ್ರ?" ಅವಳು ಕೇಳಿದಳು.

"ಕಿವಿ ಸೀಳತೀನಿ."

"ಗಂಡಾದ್ರ?"

ಭೀಮಣ್ಣ ಕುರಿಯ ಬಾಯಿ ಬಿಡಿಸಿ ಸವೆದ ಹಲ್ಲು ನೋಡಿದ. ಸವೆದದ್ದು ಅವಳಿಗೂ ಕಂಡಿತು. ಅವನು ಬಾಯಿ ಮುಚ್ಚಿಸಿ ಅದರ ಗದ್ದ ತುರಿಸಿದ. "ಇನ್ನೊಂದ ವರ್ಷ ತಾಳಲಿಕ್ಕಿಲ್ಲೇನ ಈ ಮುದುಕಿ?" ಎಂದ, ಕುರಿಯನ್ನೇ ಕೇಳುವಂತೆ. "ಮರಿ ಬೀಳಲಿ. ಬಿದ್ದ ಮರುದಿನಾ ಆರೂ ಗಂಟ ಹೊತಗೊಂಡ ಬರ್ತೀನಿ. ನಿನ್ನ ಕರಕೊಂಡ ಬರ್ತೀನಿ."

"ಹದಿನಾರನೇ ದಿನಾ ಅಂದಂಗಾತು."

"ಒಂಬತ್ತನೇ ದಿನಾ."

ಕತ್ತಲು ಹಟ್ಟಿಯೊಳಗೆ ಇಳಿಯುತ್ತಿತ್ತು. ಮನೆಯಿಂದ ಅವ್ವ ಯಾರನ್ನೋ ಕೂಗಿ ಒಲೆ ಹೊತ್ತಿಸಲು ಹೇಳುತ್ತಿದ್ದಳು. ಚಂದ್ರಭಾಗಾ ತನ್ನ ಲೆಕ್ಕವನ್ನು ಬಿಟ್ಟುಕೊಡಲಿಲ್ಲ. ಆದರೆ ಒಂಬತ್ತನೆಯ ದಿನದಿಂದಲೇ, ಆಸ್ಪತ್ರೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಅವಳು ಸೊಲ್ಲಾಪುರದ ಮನೆಯ ಬಾಗಿಲಿಗೆ ಬಂದು ನಿಲ್ಲುವವಳು. ಅದು ಅವಳಿಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು.